ಸಾಲದ ಪುಸ್ತಕದ ಹಿಂಬದಿ

ಹೆಗಡೆ ನಗರ ದಾಟಿದರೆ, ನೀರಿನ ಟ್ಯಾಂಕರ್ ಹೊರಳೋ ಮೂಲೆಯಲ್ಲಿ
ನನ್ನ ಅಂಗಡಿ. ಬನ್ನು, ಬೀಡಿ, ಸರ ಕಟ್ಟಿದ ಶಾಂಪೂ,
ಸ್ವಲ್ಪ ನನ್ನ ಕಡೆಗೇ ವಾಲೋ ತಕ್ಕಡಿ.
ಹಿಂದೆ ಗುಜರಿ ಗುಡ್ಡೆ. ಗುಡ್ಡೆ ಹಿಂದೆ
ನೀಲಿ ಟಾರ್ಪಾಲಿನ ಶೆಡ್ಡುಗಳು, ಸಮುದ್ರ ದಾಟಿ ಬಂದವರವು.
ಯಾವ ಸಮುದ್ರ ಅಂತ ನಾನು ಕೇಳಿಲ್ಲ.
ಅವರೂ ನನ್ನ ಜಾತಿ ಕೇಳಿಲ್ಲ.

ಸಾಲ ಮುಂದಿನಿಂದ ಬರೀತೀನಿ.
ಮಕ್ಕಳನ್ನ ಹಿಂದಿನಿಂದ.

ಶುರುವಾಗಿದ್ದು ಹೀಗೆ:
ಯುಗಾದಿ ಕಳೆದ ಮೂರನೇ ದಿನ ರೋಶಿದಾಳ ತಾಯಿ
ಐನೂರರ ಹೊಸ ನೋಟು ತಂದು ಚಿಲ್ಲರೆ ಕೇಳಿದಳು.
ಚಿಂದಿ ಆಯೋರ ಕೈಲಿ ಹೊಸ ನೋಟು ಇರೋದಿಲ್ಲ.
ಎಲ್ಲಿಂದ ಅಂದೆ. ನಮ್ಮ ಮಾತು ಅವಳಿಗೆ ಬರಲ್ಲ;
ಮಗಳ ಎತ್ತರ ಎದೆಮಟ್ಟಕ್ಕೆ ತೋರಿಸಿದಳು,
ಆಮೇಲೆ ರಸ್ತೆ.
ಆಮೇಲೆ ಫ್ಯಾನು ತಿರುಗೋ ಹಾಗೆ ಬೆರಳು ತಿರುಗಿಸಿ ನಕ್ಕಳು.

ತೂಕದ ಕಲ್ಲು ಕೈಲೇ ಇತ್ತು, ಹಾಗೇ ಓಡಿದೆ.
ಟೈಲರ್ ಪ್ಯಾರೇಜಾನ್ ಅಳತೆ ಟೇಪು ಕೊರಳಲ್ಲೇ ಬಿಟ್ಟು ಬಂದ.
ಮುನಿಯಲ್ಲಪ್ಪ ಏನು ಎತ್ತ ಕೇಳಲಿಲ್ಲ,
ಟ್ಯಾಂಕರನ್ನ ಗಲ್ಲಿ ಬಾಯಿಗೆ ಅಡ್ಡ ನಿಲ್ಲಿಸಿ
ಬೀಗದಕೈ ಜೇಬಿಗೆ ಹಾಕ್ಕೊಂಡು ಬೀಡಿ ಹಚ್ಚಿದ.
ಬಿಳಿ ಕಾರು ಹಾರ್ನ್ ಹೊಡೀತು, ಹೊಡೀತು.
ಟ್ಯಾಂಕರ್ ಸೋರ್ತಾ ನಿಂತಿತ್ತು.
ಹಿಂದಿನ ಬಾಗಿಲು ತೆಗೆದು ಇಳಿದಳು ರೋಶಿದಾ.
ಹೊಸ ಚಪ್ಪಲಿ, ಅರ್ಧ ಕಚ್ಚಿದ ಬನ್ನು.
ಬನ್ನು ನನ್ನ ಅಂಗಡೀದೇ, ನಾನೇ ಮಾರಿದ್ದು ಆ ಮನುಷ್ಯನಿಗೆ.

ಹೊಡೀಬೇಕು ಅಂದ್ರು ಹುಡುಗರು. ಅಂಗನವಾಡಿ ಸುಕನ್ಯಾ ಟೀಚರ್
ಬೇಡ ಅಂದು ಒಂದು ಸೊನ್ನೆ ಒಂಬತ್ತು ಎಂಟು ಒತ್ತಿದರು.
ಪೊಲೀಸು ಅನ್ನೋ ಪದ ಮಾತ್ರ ಆ ತಾಯಿಗೆ ಅರ್ಥವಾಯ್ತು.
ಪ್ಲಾಸ್ಟಿಕ್ ಕವರಲ್ಲಿದ್ದ ಕಾರ್ಡು ಎದೆಗೊತ್ತಿಕೊಂಡು ನಡುಗಿದಳು.
ಆ ರಾತ್ರಿ ಟೀಚರ್ ಅವಳ ಶೆಡ್ಡಲ್ಲೇ ಮಲಗಿದರು,
ಸೊಳ್ಳೆ ಕಚ್ಚಿದ ಮುಖದಲ್ಲೇ ಬೆಳಿಗ್ಗೆ ಮೊಟ್ಟೆ ಹಂಚಿದರು.

ಅವತ್ತಿಂದ ಬೀದಿದೀಪ ಹತ್ತಿದ ತಕ್ಷಣ ಎಣಿಕೆ.
ಕಿವಿಗೆ ಬಿದ್ದ ಹಾಗೆ ಹೆಸರು: ನೂರ್ ಕಾಯಸ್, ಶೊಫಿಕಾ,
ಸೆನುಆರ, ಅವಳ ಸೊಂಟದ ಮೇಲೆ ಒಬ್ಬ.
ಅವನ ಹೆಸರು ನನ್ನ ನಾಲಿಗೆಗೆ ಹತ್ತೋಲ್ಲ, ಗೋಲಿ ಅಂತ ಬರೆದಿದೀನಿ.
ಹದಿಮೂರು ಅಂತ ಹೇಳೋಕೆ ಯಾರಿಗೂ ಬರಲ್ಲ, ಎಲ್ರೂ ನಗ್ತಾರೆ,
ಹದಿಮೂರನೆಯವಳು ಸಿಟ್ಟಾಗ್ತಾಳೆ.

ಹಾಲಿನ ಬೂತಿನ ಚೌಡಪ್ಪ ಕೇಳ್ದ:
ಇಲ್ಲಿಯವರಲ್ಲದವರ ಲೆಕ್ಕ ನಿನಗ್ಯಾಕೆ ಮುನಿತಾಯಮ್ಮ?
ಉತ್ತರ ಹೊಳೀಲಿಲ್ಲ. ಚಿಲ್ಲರೆ ಕೊಟ್ಟೆ.
ಕರೆಂಟು ಹೋದ ದಿನ ಮಾತ್ರ ಅವನ ಬೈಕು
ಹೆಡ್‌ಲೈಟು ಗುಡ್ಡೆ ಕಡೆ ತಿರುಗಿಸಿ ನಿಂತಿರುತ್ತೆ.
ಬ್ಯಾಟರಿ ಹಾಳಾಗುತ್ತೆ ಕಣೋ ಅಂದ್ರೆ, ಆಗ್ಲಿ ಬಿಡು ಅಂತಾನೆ.

ನಿನ್ನೆ ಇಪ್ಪತ್ಮೂರರ ಬದಲು ಇಪ್ಪತ್ನಾಲ್ಕು ಬಂತು.
ಕಡಿಮೆ ಬಂದರೆ ಏನು ಮಾಡಬೇಕು ಅಂತ ನಮಗೆ ಗೊತ್ತು,
ಯಾರು ಎಲ್ಲಿ ಓಡಬೇಕು, ಯಾವ ಮೋರಿ, ಯಾವ ಬಸ್ ಸ್ಟಾಪು.
ಹೆಚ್ಚು ಬಂದರೆ?
ಮತ್ತೆ ಎಣಿಸಿದೆ. ಗೋಲಿಯನ್ನೇ ಎರಡು ಸಲ ಹಿಡಿದೆನೋ ಅಂತ
ಸೊಂಟದಿಂದ ಇಳಿಸಿ ನೋಡಿದೆ.

ರಾಜಕಾಲುವೆ ಆಚೆ ಬೆಳಿಗ್ಗೆ ಜೆಸಿಬಿ ಬಂದಿತ್ತಂತೆ,
ರಾಯಚೂರಿನವರ ಶೆಡ್ಡುಗಳು ಮಧ್ಯಾಹ್ನಕ್ಕೆ ಇರಲಿಲ್ಲ.
ಸಾಲಿನ ಕೊನೇಲಿ ಸ್ಟೀಲು ಲೋಟ ಹಿಡಿದು ನಿಂತಿದೆ ಮಗು:
“ಅವ್ವ ಕಲ್ಲು ಹೊರಾಕ ಹೋಗ್ಯಾಳ್ರೀ.
ಬಂದ್ರ ಮನಿ ಎಲ್ಲೈತಂತ ಆಕಿಗೆ ಗೊತ್ತಾಗಂಗಿಲ್ಲ.”

ಮುನಿಯಲ್ಲಪ್ಪ ಟ್ಯಾಂಕರ್ ಹೊರಡಿಸಿದ, ಆ ಅವ್ವನ್ನ ಹುಡುಕೋಕೆ.
ರೋಶಿದಾ ಆ ಲೋಟ ಇಸ್ಕೊಂಡು, ನೀರು ತುಂಬಿಸಿಕೊಟ್ಟು,
ನನ್ನದೇ ಗದರಿಕೆಯಲ್ಲಿ ನನಗೇ ಅಂದಳು:
ಏನ್ ನೋಡ್ತೀಯ, ಬರ್ಕೋ.

ಹುಲಿಗೆಮ್ಮ, ಅಂತ ಬರೆದೆ.
ಸಾಲ ಮುಂದಿನಿಂದ ಬರ್ತಾ ಇದೆ, ಮಕ್ಕಳು ಹಿಂದಿನಿಂದ.
ನಡುವೆ ಇನ್ನು ಹನ್ನೊಂದು ಹಾಳೆ.